ಮಿಸ್ ಲವಾನ್ ಅವರ ಸ್ಟಿಯರಿಂಗ್ ಪಾಠ

ಆಫೀಸಿನ ಬೋರ್ಡಿನ ಮೇಲೆ ಒಂದು ಚೀಟಿ ಅಂಟಿಸಿದ್ದರು: 'ಸ್ಟಿಯರಿಂಗ್ ಕುರಿತು ಮೂರು ಗಂಟೆಗಳ ಕಡ್ಡಾಯ ತರಗತಿ. ತಪ್ಪು ಮಾಡಿದವರ ಲೈಸೆನ್ಸ್ ಹೋಗುತ್ತದೆ.' ಅಮೆರಿಕದ ಟೊಲೀಡೊದ ಆ ರಿಯಲ್ ಎಸ್ಟೇಟ್ ಆಫೀಸಿಗೆ ನಾನು ಸೇರಿ ಆಗಿನ್ನೂ ಒಂಬತ್ತು ದಿನ. ಗಂಟೆ ಲೆಕ್ಕದ ಸಂಬಳ. ಕೆಲಸವೆಂದರೆ ಫೋನ್ ಎತ್ತುವುದು, 'ಮಾರಾಟಕ್ಕಿದೆ' ಬೋರ್ಡು ನೆಡುವುದು, ಮನೆ ನೋಡಲು ಬಂದ ಗಿರಾಕಿಗಳನ್ನು ಕಾರಿನಲ್ಲಿ ಸುತ್ತಿಸುವುದು. ಕಾರು ಓಡಿಸುವವನು ನಾನೊಬ್ಬನೇ ಆದ್ದರಿಂದ ಚೀಟಿ ನನ್ನನ್ನು ಕುರಿತೇ ಬರೆದದ್ದೆಂದು ಗಾಬರಿಯಾದೆ. ಹಿಂದಿನ ಸಂಜೆ ಕಾರು ತೊಳೆದು, ಚಕ್ರಗಳಿಗೆ ಗಾಳಿ ತುಂಬಿಸಿ, ಡ್ರೈವಿಂಗ್ ಲೈಸೆನ್ಸಿನ ಎರಡು ಜೆರಾಕ್ಸ್ ಮಾಡಿಸಿಕೊಂಡು ಹೋಗಿ ಮೊದಲ ಸಾಲಿನಲ್ಲೇ ಕೂತೆ.

ಪಾಠ ಮಾಡಲು ಬಂದವರು ಮಿಸ್ ಲವಾನ್ ಪೆಟಿಫರ್ಡ್. ಅರವತ್ತು ದಾಟಿದ ಕಪ್ಪು ಹೆಂಗಸು, ಗಿಡ್ಡ ಆಳು, ದಾರ ಕಟ್ಟಿದ ಕನ್ನಡಕ. ಬಂದವರೇ ಕೇಳಿದರು:

"ಸ್ಟಿಯರಿಂಗ್ ಅಂದ್ರೇನು? ಯಾರು ಹೇಳ್ತೀರಿ?"

ನಾನು ಕೈ ಎತ್ತಿದೆ. "ಎರಡೂ ಕೈಯಲ್ಲಿ ಹಿಡೀಬೇಕು ಮೇಡಂ. ಗಡಿಯಾರದಲ್ಲಿ ಹತ್ತು ಗಂಟೆ ಇರೋ ಕಡೆ ಒಂದು ಕೈ, ಎರಡು ಗಂಟೆ ಇರೋ ಕಡೆ ಇನ್ನೊಂದು."

ನಲವತ್ತು ಜನ ಏಜೆಂಟರು ಕಾಫಿ ಚೆಲ್ಲಿಕೊಂಡು ನಕ್ಕರು. ಮಿಸ್ ಲವಾನ್ ಮಾತ್ರ ನಗಲಿಲ್ಲ.

"ಹತ್ತು-ಎರಡು ಹಳೇದಾಯ್ತು ಕಣೋ. ಈಗ ಒಂಬತ್ತು-ಮೂರು. ಹತ್ತೊಂಬತ್ತು ವರ್ಷ ಸಿಟಿ ಬಸ್ ಓಡಿಸಿದೀನಿ, ನನ್ನ ಹತ್ರಾನಾ? ಕೂತ್ಕೋ. ಈ ರೂಮಲ್ಲಿ ಏನಾದ್ರೂ ಕಲಿಯೋಣ ಅಂತ ಬಂದಿರೋನು ನೀನೊಬ್ನೇ. ಅದೂ ತಪ್ಪು ಕ್ಲಾಸಿಗೆ."

ಆಮೇಲೆ ತಿಳಿಯಿತು. ಕೊಳ್ಳಲು ಬಂದವರ ಬಣ್ಣ, ಭಾಷೆ, ದೇವರು, ಮಕ್ಕಳೆಷ್ಟು, ಗಾಲಿಕುರ್ಚಿ ಇದೆಯೇ ಎಂಬುದನ್ನೆಲ್ಲ ನೋಡಿ, ಅವರು ಕೇಳಿದ ಬೀದಿ ಬಿಟ್ಟು ಏಜೆಂಟನಿಗೆ ಸರಿಕಂಡ ಬೀದಿಗೆ ಅವರನ್ನು ತಿರುಗಿಸುವುದಕ್ಕೆ ನಮ್ಮ ದಂಧೆಯಲ್ಲಿ ಸ್ಟಿಯರಿಂಗ್ ಎನ್ನುತ್ತಾರೆ. ಕಾನೂನಿನ ಪ್ರಕಾರ ಅದು ಅಪರಾಧ. ಬಾಯಿ ತುಂಬ ನಗು ಇಟ್ಟುಕೊಂಡು, ಕಾರಿನ ಬಾಗಿಲು ತೆಗೆದು ಕೂರಿಸಿಕೊಂಡು ಮಾಡುವ ಅಪರಾಧ.

"ನನ್ನ ಬಸ್ಸು ಎಲ್ಲಿಗೆ ಹೋಗುತ್ತೆ ಅಂತ ಹಣೆ ಮೇಲೇ ಬರೆದಿರ್ತಿತ್ತು," ಎಂದರು ಮಿಸ್ ಲವಾನ್. "ಬೇಡದವರು ಹತ್ತುತಿರ್ಲಿಲ್ಲ. ನೀವು 'ನೀವು ಹೇಳಿದ ಕಡೆ' ಅಂತ ಬರ್ಕೊಂಡು, ನಿಮಗೆ ಬೇಕಾದ ಕಡೆ ಇಳಿಸ್ತೀರಿ."

ಹದಿನಾರು ವರ್ಷದಿಂದ ಅವರು ಈ ಪಾಠ ಮಾಡುತ್ತಿದ್ದರು. ಪ್ರತಿ ಏಜೆಂಟನೂ ಮೂರು ವರ್ಷಕ್ಕೊಮ್ಮೆ ಬಂದು ಕೂರಲೇಬೇಕು, ಇಲ್ಲದಿದ್ದರೆ ಲೈಸೆನ್ಸ್ ಮುಂದುವರಿಯುವುದಿಲ್ಲ. ಕೂರುತ್ತಾರೆ. ಒಬ್ಬಾಕೆ ಉಣ್ಣೆ ಹೆಣೆಯುತ್ತಾಳೆ, ಒಬ್ಬ ಮೇಜಿನ ಕೆಳಗೆ ಫೋನಿನಲ್ಲಿ ಫುಟ್‌ಬಾಲ್ ನೋಡುತ್ತಾನೆ. ಕೊನೆಯಲ್ಲಿ ಪ್ರತಿ ಸಲ ಅದದೇ ಪ್ರಶ್ನೆ, ಬಿಳಿಯರ ಬೀದಿ ಎಂಬುದನ್ನು ಬಾಯಿಬಿಡದೆ ಸೂಚಿಸುವ ಮಾತುಗಳ ಬಗ್ಗೆ. 'ಒಳ್ಳೇ ಸ್ಕೂಲಿದೆ ಅನ್ನಬಹುದಾ?' 'ಶಾಂತವಾದ ಏರಿಯಾ ಅಂದ್ರೂ ತಪ್ಪಾ?' 'ಹಾಗಾದ್ರೆ ಬಾಯಿಗೆ ಹೊಲಿಗೆ ಹಾಕ್ಕೊಳ್ಳೋಣ್ವಾ?' ಮಿಸ್ ಲವಾನ್ ಕನ್ನಡಕ ತೆಗೆದು, ಕಣ್ಣುಜ್ಜಿ, ಹದಿನಾರು ವರ್ಷದ ಹಳೆಯ ಉತ್ತರವನ್ನೇ ಮತ್ತೆ ಹೇಳುತ್ತಾರೆ: "ಸ್ಕೂಲಿನ ಅಂಕಿಅಂಶ ಎಲ್ಲಿ ಸಿಗುತ್ತೆ ಅಂತ ತೋರಿಸಿ. ಆಮೇಲೆ ಹೌದು, ಹೊಲಿಗೆ ಹಾಕ್ಕೊಳ್ಳಿ."

ಆ ದಿನ ಅವರೊಂದು ಕತೆ ಹೇಳಿದರು. ಅವರಿಗೆ ಒಂಬತ್ತು ವರ್ಷವಿದ್ದಾಗ, ಗಾಜಿನ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ಅವರ ಅಪ್ಪ ಮನೆ ಕೊಳ್ಳಲು ಹೊರಟಿದ್ದರಂತೆ. ಏಜೆಂಟನೊಬ್ಬ ದೊಡ್ಡ ಕಾರಿನಲ್ಲಿ ಭಾನುವಾರವಿಡೀ ಸುತ್ತಿಸಿದ. ಅಪ್ಪ ಕೇಳಿದ ಮನೆಗಳೆಲ್ಲ 'ನಿನ್ನೆ ತಾನೇ ಹೋಯ್ತು.' ಕೊನೆಗೆ ಕಾರು ರೈಲು ಹಳಿ ದಾಟಿ, ಕಪ್ಪು ಜನರೇ ಇದ್ದ ಈಚೆ ಬದಿಗೆ ಬಂದು ನಿಂತಿತು. ಹಿಂದಿನ ಸೀಟಿನಲ್ಲಿ ಅಮ್ಮ ಮತ್ತು ಇವರು. ಬಾಯಲ್ಲಿ ಏಜೆಂಟ್ ಕೊಟ್ಟ ಪೆಪ್ಪರ್‌ಮಿಂಟ್.

"ಇಳೀವಾಗ ಅಪ್ಪ ಅವನಿಗೆ ಥ್ಯಾಂಕ್ಸ್ ಹೇಳಿದ್ರು," ಎಂದರು. "ಬೇರೆಲ್ಲಾ ಮರೀಬಹುದು. ಅದೊಂದು ನನ್ನ ಹೊಟ್ಟೆ ಉರಿಸುತ್ತೆ."

ನನ್ನ ಯಜಮಾನ ರಾನ್ ಹೇವರ್‌ಕ್ಯಾಂಪ್‌ಗೆ ಅದು ಐದನೇ ಸಲದ ತರಗತಿ. ಒಳ್ಳೆಯ ಮನುಷ್ಯ, ಮುಂದೆ ಪ್ರತಿ ವರ್ಷ ನನ್ನ ಹುಟ್ಟಿದ ದಿನಕ್ಕೆ ಕೇಕ್ ತರಿಸುತ್ತಿದ್ದವನು. ಅಭಿಪ್ರಾಯದ ಹಾಳೆಯಲ್ಲಿ 'ಬಹಳ ಉಪಯುಕ್ತ' ಎಂದು ಬರೆದು, ಕಾಫಿ ಜೊತೆಗಿಟ್ಟಿದ್ದ ಸಿಹಿ ಡೋನಟ್‌ಗಳಲ್ಲಿ ಉಳಿದ ಒಂದನ್ನು ಜೇಬಿಗಿಳಿಸಿ ಹೊರಟ. ಮಿಸ್ ಲವಾನ್ ಸಹಿಯಿದ್ದ ಐದು ಸರ್ಟಿಫಿಕೇಟುಗಳಿಗೂ ಚೌಕಟ್ಟು ಹಾಕಿಸಿ, ತಾನು ಈರೀ ಸರೋವರದಲ್ಲಿ ಹಿಡಿದ ಮೀನಿನ ಫೋಟೊ ಪಕ್ಕದಲ್ಲಿ ನೇತುಹಾಕಿದ.

ನಾನು ಸೇರಿದ ಮೂರನೇ ವರ್ಷದ ಏಪ್ರಿಲ್‌ನಲ್ಲಿ ಒಂದು ಫೋನ್ ಬಂತು.

"ವೆಸ್, ಒಂಬತ್ತು-ಮೂರು ಹಿಡೀತಿದೀಯಾ?"

"ಹಿಡೀತಿದೀನಿ ಮಿಸ್ ಲವಾನ್."

"ಲಾರ್ಕ್‌ಮೂರ್ ಬೀದೀಲಿ ಒಂದು ಒಂದಂತಸ್ತಿನ ಮನೆ ಮಾರಾಟಕ್ಕೆ ಹಾಕಿದೀರಲ್ಲ, ಅದನ್ನ ನೋಡ್ಬೇಕು. ಅಮ್ಮನಿಗೆ ಎಂಬತ್ತೇಳು. ಗಾಲಿಕುರ್ಚಿ. ಈಗಿರೋ ಮನೇಲಿ ಬಚ್ಚಲು ಮಹಡಿ ಮೇಲಿದೆ. ನಾನು ಎತ್ಕೊಂಡು ಹತ್ತುತೀನಿ. ಹೋದ ವಾರ ಇಬ್ಬರೂ ಮೆಟ್ಟಿಲ ಮೇಲೆ ಜಾರಿ ಬಿದ್ದು ಕೂತ್ಬಿಟ್ವಿ, ಪಕ್ಕದ ಮನೆಯೋರು ಬಂದು ಇಳಿಸಿದ್ರು. ಇನ್ನೊಂದು ಸಲ ಬಿದ್ರೆ ಅಮ್ಮನ್ನ ವೃದ್ಧಾಶ್ರಮಕ್ಕೆ ಸೇರಿಸಿ ಅಂದಿದಾರೆ ಡಾಕ್ಟರು. ಅಮ್ಮ ಹೋಗಲ್ಲ ಅಂತಾಳೆ. ನಾನೂ ಕಳಿಸಲ್ಲ."

ರಾನ್‌ಗೆ ಹೇಳಿದೆ. ಅವನು ಕುರ್ಚಿ ಹಿಂದಕ್ಕೆ ವಾಲಿಸಿ ಯೋಚಿಸಿದ. "ಲಾರ್ಕ್‌ಮೂರಾ? ಪಾಪ, ಅಲ್ಲಿ ಅವರಿಗೆ ಬೇಜಾರಾಗುತ್ತೆ ಕಣೋ. ಮಾತಾಡೋಕೆ ಅವರ ಜನ ಯಾರಿದಾರೆ? ಅವರ ಚರ್ಚಿನ ಕಡೆ ಒಳ್ಳೊಳ್ಳೆ ಮೂರು ಮನೆ ಇದೆ, ಅದನ್ನ ತೋರಿಸೋಣ."

ಅವನ ತಲೆಯ ಹಿಂದೆ ಐದು ಸರ್ಟಿಫಿಕೇಟುಗಳೂ ಸಾಲಾಗಿ ನನ್ನನ್ನೇ ನೋಡುತ್ತಿದ್ದವು. ನಾನು ಏನು ಮಾಡಿದೆ? "ಸರಿ ಸರ್" ಎಂದೆ. ಹೋಗಿ ಕಾರು ತೊಳೆದೆ. ಕಾರು ತೊಳೆಯುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ.

ಶನಿವಾರ ಬೆಳಿಗ್ಗೆ ಹೊರಟೆವು. ನಾನು ಸ್ಟಿಯರಿಂಗ್ ಹಿಂದೆ, ಪಕ್ಕದಲ್ಲಿ ರಾನ್, ಹಿಂದೆ ಮಿಸ್ ಲವಾನ್ ಮತ್ತು ಅವರ ಅಮ್ಮ ಓಪಲ್. ಮುದುಕಿ ನೇರಳೆ ಟೋಪಿ ಹಾಕಿಕೊಂಡು ಮದುವೆಗೆ ಹೊರಟವರ ಹಾಗೆ ಕೂತಿದ್ದರು. ಗಾಲಿಕುರ್ಚಿ ಡಿಕ್ಕಿಯಲ್ಲಿತ್ತು.

"ಲಾರ್ಕ್‌ಮೂರ್ ಮೊದಲು ತಾನೇ?" ಎಂದರು ಮಿಸ್ ಲವಾನ್.

"ಅದು ಹೆಚ್ಚೂಕಮ್ಮಿ ಹೋದ ಹಾಗೇ ಲವಾನ್ ಅವರೇ," ಎಂದ ರಾನ್. "ಇವತ್ತು ನಿಮಗೆ ಹಿತವಾಗೋ ಅಂಥದ್ದನ್ನೇ ತೋರಿಸ್ತೀನಿ."

'ನಿಮಗೆ ಹಿತವಾಗುವ' ಎಂಬುದು ಮಿಸ್ ಲವಾನ್ ಪಾಠದ ಎರಡನೇ ಪುಟದಲ್ಲಿ, ಕೆಂಪು ಗೆರೆ ಎಳೆದ ಮಾತುಗಳ ಪಟ್ಟಿಯಲ್ಲಿ ಮೊದಲನೆಯದು. ಕನ್ನಡಿಯಲ್ಲಿ ಅವರ ಮುಖ ನೋಡಿದೆ. ಚೀಲದಿಂದ ಸಣ್ಣ ನೋಟ್‌ಬುಕ್ ತೆಗೆದು ಏನೋ ಬರೆದುಕೊಂಡರು. ಎಷ್ಟೋ ವರ್ಷ ಗಿರಾಕಿಯ ವೇಷದಲ್ಲಿ ಏಜೆಂಟರನ್ನು ಪರೀಕ್ಷಿಸುವ ಕೆಲಸವನ್ನೂ ಮಾಡಿದವರು ಅವರು.

ಮೊದಲ ಮನೆಗೆ ಐದು ಮೆಟ್ಟಿಲು. ಎರಡನೆಯದರ ಬಾಗಿಲಲ್ಲಿ ಕುರ್ಚಿ ಹಿಡಿಸಲಿಲ್ಲ. ಮೂರನೆಯದಕ್ಕೆ ಹೊರಟಾಗ ಕಾರು ರೈಲು ಹಳಿಯ ಮೇಲೆ ಕುಲುಕಿ ಈಚೆ ಇಳಿಯಿತು. ಮುದುಕಿ ಕಿಟಕಿಯಾಚೆ ನೋಡುತ್ತ ಹೇಳಿದರು:

"ಲವಾನ್, ಇದು ಅದೇ ದಾರಿ ಅಲ್ವೇನೇ? ಪೆಪ್ಪರ್‌ಮಿಂಟ್ ಕೊಟ್ಟಿದ್ನಲ್ಲ, ಅವನು ಕರ್ಕೊಂಡು ಬಂದ ದಾರಿ?"

"ಅದೇ ಅಮ್ಮ."

"ಇವನು ಪೆಪ್ಪರ್‌ಮಿಂಟೂ ಕೊಡ್ಲಿಲ್ಲ."

ಮೂರನೇ ಮನೆಯ ಮುಂದೆ ಕಾರು ನಿಲ್ಲಿಸಿದೆ. ಹನ್ನೊಂದು ಮೆಟ್ಟಿಲು. "ಎಷ್ಟು ಚೆಂದದ ಜಗುಲಿ ನೋಡಿ!" ಎಂದ ರಾನ್.

"ಅಲ್ಲಿಗೆ ನಾನು ಹಾರಿ ಹೋಗ್ಬೇಕು," ಎಂದರು ಓಪಲ್. "ರೆಕ್ಕೆ ಬರೋ ಕಾಲ ಹತ್ರಾನೇ ಇದೆ, ಸ್ವಲ್ಪ ಕಾಯ್ತೀಯೇನಪ್ಪ?"

ಆಗ ಮಿಸ್ ಲವಾನ್ ಮುಂದಕ್ಕೆ ಬಾಗಿದರು. ರಾನ್‌ನ ಕಡೆ ನೋಡಲೇ ಇಲ್ಲ.

"ವೆಸ್. ಲಾರ್ಕ್‌ಮೂರ್ ಮನೆ ಹೋಯ್ತಾ, ಇದೆಯಾ?"

ಆ ಮನೆಯ ಬೋರ್ಡು ನೆಟ್ಟವನು ನಾನು. ಆ ದಿನ ಬೆಳಿಗ್ಗೆ ಅಲ್ಲಿ ಹುಲ್ಲು ಕತ್ತರಿಸುವವನಿಗೆ ಬಾಗಿಲು ತೆಗೆದುಕೊಟ್ಟಿದ್ದೆ. ಬೀಗದ ಕೈ ಇನ್ನೂ ನನ್ನ ಪ್ಯಾಂಟಿನ ಜೇಬಿನಲ್ಲೇ ತೊಡೆಗೆ ಚುಚ್ಚುತ್ತಿತ್ತು. ಒಬ್ಬನೇ ಒಬ್ಬ ಗಿರಾಕಿಯೂ ಬಂದಿರಲಿಲ್ಲ. ರಾನ್ ನನ್ನ ಕಡೆ ನೋಡಿ ಹುಬ್ಬು ಹಾರಿಸಿದ. ಧೈರ್ಯವಂತನಾಗಿದ್ದರೆ ತಕ್ಷಣ ಹೇಳುತ್ತಿದ್ದೆ. ನಾನು ಮೊದಲು ಸ್ಟಿಯರಿಂಗ್ ನೋಡಿದೆ, ಆಮೇಲೆ ನನ್ನ ಕೈಗಳನ್ನು ನೋಡಿದೆ. ಹತ್ತು-ಎರಡರಲ್ಲಿದ್ದವು.

"ಇದೆ ಮಿಸ್ ಲವಾನ್. ಬೀಗದ ಕೈ ನನ್ನ ಹತ್ರಾನೇ ಇದೆ."

"ತಿರುಗಿಸು ಹಾಗಾದ್ರೆ."

ತಿರುಗಿಸಿದೆ. ದಾರಿಯುದ್ದಕ್ಕೂ ರಾನ್‌ನ ಕಿವಿ ಕೆಂಪಗಿತ್ತು. "ನಾನು ಅವರ ಒಳ್ಳೇದಕ್ಕೇ ಅಲ್ವಾ..." ಎಂದು ಎರಡು ಸಲ ಶುರುಮಾಡಿ ನಿಲ್ಲಿಸಿದ. ವಿಚಿತ್ರವೆಂದರೆ, ಅವನು ನಿಜವಾಗಿಯೂ ಹಾಗೆಯೇ ನಂಬಿದ್ದ. ಸುಳ್ಳನಾಗಿದ್ದರೆ ಸಿಟ್ಟು ಮಾಡಿಕೊಳ್ಳುವುದು ಸುಲಭವಿತ್ತು. ಐದು ಸಲ ಕೇಳಿದ ಪಾಠ ಕಿವಿಯ ಹೊರಗೇ ಡೋನಟ್ ತಿನ್ನುತ್ತ ಕೂತಿತ್ತಷ್ಟೆ.

ಲಾರ್ಕ್‌ಮೂರ್ ಮನೆಗೆ ಒಂದೂ ಮೆಟ್ಟಿಲಿಲ್ಲ. ಓಪಲ್ ತಾವೇ ಗಾಲಿ ತಳ್ಳಿಕೊಂಡು ಬಚ್ಚಲೊಳಗೆ ಹೋಗಿ, ಬಾಗಿಲು ಹಾಕಿಕೊಂಡು, ಒಳಗಿನಿಂದ ಕೂಗಿದರು: "ಯಾರೂ ಬರ್ಬೇಡಿ! ಎರಡು ವರ್ಷ ಆದ್ಮೇಲೆ ಒಬ್ಬಳೇ ಇದೀನಿ!" ಮಿಸ್ ಲವಾನ್ ಗೋಡೆಗೆ ಒರಗಿ ನಿಂತು ಕನ್ನಡಕ ಒರೆಸಿಕೊಂಡರು. ಬಹಳ ಹೊತ್ತು ಒರೆಸಿಕೊಂಡರು. ಮನೆಯ ಮಾಲೀಕ, ಅಂಚೆ ಇಲಾಖೆಯಿಂದ ನಿವೃತ್ತನಾದವನು, ಫೋನಿನಲ್ಲಿ ಕೇಳಿದ್ದು ಒಂದೇ ಮಾತು: "ಯಾವಾಗ ಬರ್ತಾರೆ?"

ಜೂನ್‌ನಲ್ಲಿ ಅವರು ಆ ಮನೆಗೆ ಬಂದರು. ಬಂದ ಮರುವಾರ ಮಿಸ್ ಲವಾನ್ ಆ ಶನಿವಾರದ ಬಗ್ಗೆ ರಾನ್ ಮೇಲೆ ಸರ್ಕಾರಕ್ಕೆ ದೂರು ಕೊಟ್ಟರು. ಸಾಕ್ಷಿ: ನೋಟ್‌ಬುಕ್ ಮತ್ತು ನಾನು. ಹೇಳಿಕೆ ಕೊಟ್ಟು ಬಂದ ದಿನ ಕೆಲಸ ಹೋಯಿತೆಂದುಕೊಂಡೆ. ಹೋಗಲಿಲ್ಲ, ಸಾಕ್ಷಿ ಹೇಳಿದವನನ್ನು ಕೆಲಸದಿಂದ ತೆಗೆದರೆ ಅದಕ್ಕೆ ಇನ್ನೊಂದು ದೂರು ಬರುತ್ತದೆಂದು ವಕೀಲರು ರಾನ್‌ಗೆ ಹೇಳಿದ್ದರಂತೆ. ಹೀಗೆ ನನ್ನ ಯೋಗ್ಯತೆಗೆ ಮೀರಿದ ಭದ್ರ ನೌಕರಿ ನನ್ನದಾಯಿತು. ಕೇಕ್ ಮಾತ್ರ ನಿಂತಿತು.

ಅಕ್ಟೋಬರಿನಲ್ಲಿ ರಾನ್‌ನ ಲೈಸೆನ್ಸ್ ಅವಧಿ ಮುಗಿಯುತ್ತಿತ್ತು. ಊರಿನಲ್ಲಿ ಆ ಪಾಠ ಮಾಡುವವರು ಮಿಸ್ ಲವಾನ್ ಒಬ್ಬರೇ. ಆರನೇ ಸಲ ಬಂದು ಕೂತ. ಈ ಸಲ ಮೊದಲ ಸಾಲಿನಲ್ಲಿ, ಅವನನ್ನು ಕಾರಿನಲ್ಲಿ ಕರೆತಂದಿದ್ದ ನನ್ನ ಪಕ್ಕದಲ್ಲೇ. ಮೂರು ಗಂಟೆ ಡೋನಟ್ ಮುಟ್ಟಲಿಲ್ಲ. ಕೊನೆಯಲ್ಲಿ 'ಪ್ರಶ್ನೆ ಇದೆಯಾ?' ಎಂದಾಗ ಎದ್ದು ನಿಂತ. ಉಣ್ಣೆ ಹೆಣೆಯುವಾಕೆಯ ಕಡ್ಡಿಯೂ ನಿಂತಿತು.

"ಲವಾನ್ ಅವರೇ, ಎಲ್ಲರ ಮುಂದೇನೇ ಕೇಳ್ತೀನಿ. ನಿಮಗೆ ಬೇಕಾದ ಮನೆ ಸಿಕ್ತು. ಅಮ್ಮ ಆರಾಮಾಗಿದಾರೆ. ನಾನು ಮನೆಗೇ ಬಂದು ಕ್ಷಮೆ ಕೇಳಿದೆ. ಆದ್ರೂ ದೂರು ಯಾಕೆ ವಾಪಸ್ ತಗೊಳ್ತಿಲ್ಲ?"

ಮಿಸ್ ಲವಾನ್ ಅವನ ಆರನೇ ಸರ್ಟಿಫಿಕೇಟಿಗೆ ಸಹಿ ಹಾಕುತ್ತಿದ್ದರು. ತಲೆ ಎತ್ತಲಿಲ್ಲ.

"ನನಗೆ ಮನೆ ಸಿಕ್ಕಿದ್ದು ಈ ಪಾಠ ಮಾಡೋಳೇ ನಾನಾಗಿದ್ದಕ್ಕೆ ರಾನ್. ನಾಳೆ ನಿನ್ನ ಕಾರು ಹತ್ತೋಳಿಗೆ ಇದೊಂದೂ ಗೊತ್ತಿರಲ್ಲ. ಇಳಿಯುವಾಗ ನಿನಗೆ ಥ್ಯಾಂಕ್ಸ್ ಬೇರೆ ಹೇಳ್ತಾಳೆ. ತಗೋ ನಿನ್ನ ಸರ್ಟಿಫಿಕೇಟು, ಕೂತ್ಕೋ."