ನೀಲಕ್ಕನ ಪುಟ್ಟ ಕಾರು

ನೀಲಕ್ಕ ತಮ್ಮ ಕಾರಿನಲ್ಲಿ ಒಬ್ಬರೇ ಹೋದದ್ದನ್ನು ನಾನು ಕಂಡಿಲ್ಲ. ಇಳಕಲ್ ಸೀರೆಯ ಮೇಲೆ ಉಣ್ಣೆಯ ಕೋಟು ತೊಟ್ಟು, ಸೀಟಿನ ಮೇಲೆ ದಿಂಬಿಟ್ಟು ಕೂತು, ವಿಲಾಯತಿಯ ನಮ್ಮ ಹ್ಯಾರೋದ ಬಸ್‌ಸ್ಟಾಪುಗಳಲ್ಲಿ ನಿಂತ ಗುರುತಿನವರನ್ನೆಲ್ಲ ಹತ್ತಿಸಿಕೊಳ್ಳುತ್ತಿದ್ದರು. "ಖಾಲಿ ಸೀಟಿಗೂ ಪೆಟ್ರೋಲ್ ಕುಡಸಬೇಕಾಗ್ತೈತಿ ತಮ್ಮಾ, ಬಾ ಕೂಡು" ಎಂದು ಪಕ್ಕದ ಮನೆಯವನಾದ ನನ್ನನ್ನೂ ಎಷ್ಟೋ ಸಲ ಟ್ಯೂಬ್ ರೈಲಿನ ಸ್ಟೇಷನ್ನಿಗೆ ಬಿಟ್ಟಿದ್ದಾರೆ.

ಅವರು ಧಾರವಾಡದವರು. ಗಂಡ ಇರುವತನಕ ಸ್ಟಿಯರಿಂಗ್ ಮುಟ್ಟಿದವರಲ್ಲ. ಗಂಡ ತೀರಿಕೊಂಡ ಮೇಲೆ ಹತ್ತಿರದ ಕೊಲಿಂಡೇಲಿನಲ್ಲಿರುವ ಮಗ ಮಹಾಂತೇಶ, ಬಿಡುವಾದಾಗ ಬಂದು ಬೇಕಾದಲ್ಲಿಗೆ ಕರೆದೊಯ್ಯುತ್ತೇನೆ ಎಂದನಂತೆ. ಇನ್ನೊಬ್ಬರ ಬಿಡುವಿಗೆ ಕಾಯುವ ಜಾಯಮಾನ ಇವರದಲ್ಲ. ಡ್ರೈವಿಂಗ್ ಕಲಿತು, ಒಂದೆರಡು ಸಲ ಫೇಲಾಗಿ, ಕೊನೆಗೆ ಪಾಸಾಗಿ ಈ ಹಳೆಯ ಕಾರನ್ನು ತಾವೇ ಆರಿಸಿ ಕೊಂಡರು. ಅದನ್ನು ಯಾರಾದರೂ ಕೈಯಿಂದ ಬಿಡಿಸಿಯಾರು ಎಂಬುದೊಂದೇ ಅವರ ಅಂಜಿಕೆ. ಮತ್ತಾವುದಕ್ಕೂ ಅವರು ಅಂಜಿದ್ದು ನನಗೆ ಗೊತ್ತಿಲ್ಲ.

ನಾನು ದೊಡ್ಡ ಕಾರು ಕೊಳ್ಳಲು ಹೊರಟಾಗ ಗೇಟಿನ ಬಳಿಯೇ ತಡೆದು ಕೇಳಿದರು: "ಆಫೀಸಿಗೆ ಒಬ್ಬಾವ ಹೋಗ್ತಿ. ಜೋಡಿಗೆ ನಾಕು ಎಮ್ಮಿ ತೂಕದ ಕಬ್ಬಿಣ ಯಾಕ ಬೇಕು? ಅದನ್ನ ಹೊರಾಕ ನೀನಾ ಎಣ್ಣಿ ಹಾಕಬೇಕು, ನಿಲ್ಲಸಾಕ ನೀನಾ ಜಾಗಾ ಹುಡುಕಬೇಕು." ಸಣ್ಣದನ್ನೇ ಕೊಂಡೆ, ಇವತ್ತಿಗೂ ಪಶ್ಚಾತ್ತಾಪವಿಲ್ಲ.

ಒಂದು ಆಯುಧಪೂಜೆಯ ದಿನ ಮಹಾಂತೇಶ ಅವ್ವನಿಗೆಂದೇ ಹೊಸ ಕಾರು ತಂದು ನಿಲ್ಲಿಸಿದ. ಅಡುಗೆಮನೆಯಷ್ಟು ಅಗಲ, ಒಳಗೆ ಟಿವಿಯಂಥ ಪರದೆ. "ನಿನ್ನ ಹಳೇದು ಸೇಫ್ ಇಲ್ಲವ್ವಾ. ಇದು ಎದುರಿಗೆ ಏನರ ಬಂದ್ರ ತಾನಾ ಬ್ರೇಕ್ ಹಾಕ್ತೈತಿ. ಹಳೇದನ್ನ ಇವತ್ತಾ ಕೊಟ್ಟುಬಿಡೋಣು" ಎಂದ. ನೀಲಕ್ಕನ ಮುಖ ಸಣ್ಣದಾಯಿತು. ಆದರೂ ಎರಡೂ ಕಾರುಗಳಿಗೆ ಭೇದವಿಲ್ಲದೆ ಪೂಜೆ ಮಾಡಿದರು. ಗಾಜಿನ ನೆತ್ತಿಗೆ ದಪ್ಪನಾಗಿ ವಿಭೂತಿ ಬಳಿದರು, ಮೂತಿಗೆ ಚೆಂಡುಹೂವಿನ ಹಾರ ಕಟ್ಟಿದರು, ಗಾಲಿಗಳ ಕೆಳಗೆ ನಿಂಬೆಹಣ್ಣು ಇಟ್ಟರು.

ದೇವಸ್ಥಾನಕ್ಕೆ ಹೊರಡಲು ಓಣಿಯ ಇಬ್ಬರು ಅಜ್ಜಿಯರು ಕಾಯುತ್ತಿದ್ದರು. ಮಹಾಂತೇಶ ಹೊಸ ಕಾರು ಹೊರಡಿಸಿದ. ಅದು ಕುಯ್ಯೋ ಎಂದು ಕೂಗಿ, ತಾನೇ ಬ್ರೇಕ್ ಹಾಕಿ ನಿಂತಿತು. ಮತ್ತೆ ಹೊರಡಿಸಿದ, ಮತ್ತೆ ನಿಂತಿತು. ಎದುರಿಗೆ ಅಡ್ಡಿಯಿದೆ ಎನ್ನುತ್ತಿತ್ತು ಪರದೆ. ಎದುರಿಗೆ ನಾನೂ ಇರಲಿಲ್ಲ, ನಾಯಿಯೂ ಇರಲಿಲ್ಲ. ಹಾರ ಸೆನ್ಸರುಗಳನ್ನೂ ವಿಭೂತಿ ಕ್ಯಾಮೆರಾವನ್ನೂ ಮುಚ್ಚಿದೆಯೆಂದು ನಮಗೆ ತಿಳಿಯಲು ಸಾಕಷ್ಟು ಹೊತ್ತು ಹಿಡಿಯಿತು. ಮಹಾಂತೇಶ ಹಾರಕ್ಕೆ ಕೈಹಾಕಿದ.

"ಏರಿಸಿದ ಹಾರ ಸಂಜೀತನಕ ತಗಿಯಂಗಿಲ್ಲ!" ಎಂದು ಗದರಿದರು ನೀಲಕ್ಕ. "ಒಂದು ನಿಂಬಿಹಣ್ಣು ತುಳ್ಯಾಕ ಇಷ್ಟು ವಿಚಾರ ಮಾಡ್ತೈತಲ್ಲೋ ಇದು! ಇಳಿ."

ತಮ್ಮ ಕಾರಿನಲ್ಲಿ ಕೂತು ಕೀಲಿ ತಿರುಗಿಸಿದರು. ನಿಂಬೆಹಣ್ಣುಗಳು ಪಚಕ್ಕೆಂದವು. ಒಬ್ಬ ಅಜ್ಜಿ ಮುಂದೆ, ಇನ್ನೊಬ್ಬರು ಹಿಂದೆ, ಅವರ ಪಕ್ಕದಲ್ಲಿ ಮೊಣಕಾಲು ಗದ್ದಕ್ಕೆ ತಾಗಿಸಿಕೊಂಡು ಮಹಾಂತೇಶ. ನನಗೆ ನಗು ತಡೆಯಲಾಗಲಿಲ್ಲ. ಸಂಜೆ ಅವನೂ ನಕ್ಕು, ಹಾರ ಬಿಚ್ಚಿ, ಹೊಸ ಕಾರನ್ನು ತನ್ನ ಮನೆಗೇ ಒಯ್ದ.

ಹೋದ ಚಳಿಗಾಲದಲ್ಲಿ ಒಂದು ಮಧ್ಯಾಹ್ನ ನೀಲಕ್ಕ ನಮ್ಮ ಬಾಗಿಲು ಬಡಿದರು. ಒಳಗೆ ಬರಲಿಲ್ಲ.

"ಸಿಗ್ನಲ್ ಹಸಿರಾಗಿದ್ದು ಹಿಂದಿನಾವ ಹಾರ್ನ್ ಹೊಡದ ಮ್ಯಾಲೆ ಗೊತ್ತಾತು ತಮ್ಮಾ. ಗಾಡ್ಯಾಗ ಇಬ್ಬರು ಕುಂತಿದ್ರು" ಎಂದು ಕೀಲಿಯನ್ನು ನನ್ನ ಅಂಗೈಗೆ ಹಾಕಿದರು. ಕನ್ನಡಕ ಬದಲಿಸಿ ನೋಡೋಣ ಎಂದೆ. ಕೈಯಾಡಿಸಿದರು. "ಕಣ್ಣಿನ ಡಾಕ್ಟರು ಎಲ್ಲಾ ನೋಡ್ಯಾರ. ಮಾಂತೇಶಗ ಫೋನ್ ಹಚ್ಚಿ ಒಯ್ಯಾಕ ಬಾ ಅನ್ನು. ಅವ ಕಸ್ಗೊಂಡಿಲ್ಲ, ನಾನಾ ಬಿಟ್ಟೀನಿ. ಇದನ್ನ ಮಾತ್ರ ಸರಿಯಾಗಿ ಹೇಳು." ಅವರ ದನಿ ಎಂದಿನಂತೆಯೇ ಇತ್ತು.

ಅಂದೇ ಫೋನ್ ಮಾಡಿ ಅವರ ಮಾತನ್ನು ಹಾಗೆಯೇ ಹೇಳಿದೆ. ಬಿಡುವಾದಾಗ ಬರುತ್ತೇನೆ ಎಂದ ಮಹಾಂತೇಶ ಬರಲೇ ಇಲ್ಲ. ಆ ಚಳಿ ಮುಗಿಯುವ ಮೊದಲೇ ನೀಲಕ್ಕ ನಿದ್ದೆಯಲ್ಲಿ ಹೋಗಿಬಿಟ್ಟರು. ಕಾರ್ಯಗಳೆಲ್ಲ ಮುಗಿದ ಮೇಲೆ ಅವನು ಕೀಲಿಗೆಂದು ನಮ್ಮ ಮನೆಗೆ ಬಂದ. ಕೊಟ್ಟೆ. ಕೈಯಲ್ಲಿ ಹಿಡಿದು ಹೊರಟವನು ಬಾಗಿಲಲ್ಲಿ ತಿರುಗಿದ.

"ಅವ್ವ ಏನಂದಿದ್ಲು, ಇನ್ನೊಮ್ಮೆ ಹೇಳ್ರಿ."

"ನೀನು ಕಸ್ಕೊಂಡಿಲ್ಲಪ್ಪ, ಅವರೇ ಬಿಟ್ಟಿದ್ದು" ಎಂದೆ.