ಡ್ರ್ಯಾಗನ್ ಜೊತೆ ಚೌಕಾಸಿ

“ಸೇತುವೆ ದಾಟಬೇಕಾದರೆ ನಿಮ್ಮ ಕತ್ತಿಗಳನ್ನೆಲ್ಲ ಇಲ್ಲಿಟ್ಟು ಹೋಗಿ!” ಎಂದು ನಾನು ಡ್ರ್ಯಾಗನ್ ದನಿಯಲ್ಲಿ ಗುಡುಗಿದೆ. ತೊಂಬತ್ತರ ದಶಕದ ಒಂದು ಭಾನುವಾರ, ಹಲಸೂರಿನ ಗೆಳೆಯ ಸುರೇಶನ ಮನೆಯಲ್ಲಿ ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ದಾಳ ಉರುಳಿಸುತ್ತ ಕಥೆ ಮುಂದುವರಿಸುವ ಆಟ ಆಡುತ್ತಿದ್ದೆವು. ಆಟದ ಕಾಲ್ಪನಿಕ ಲೋಕ ಕಟ್ಟಿದವನು ನಾನು; ಡ್ರ್ಯಾಗನ್ ಪಾತ್ರವೂ ನನ್ನದೇ. ವೀರರಾಗಿದ್ದ ಗೆಳೆಯರು ಮುಖ ಮುಖ ನೋಡಿಕೊಂಡರು. ಆಗಷ್ಟೇ ರಸೆಲ್ ಮಾರುಕಟ್ಟೆಯಿಂದ ಬಂದ ಸುರೇಶನ ಅಮ್ಮ, ತರಕಾರಿ ಚೀಲ ಇಳಿಸದೆಯೇ ನನ್ನತ್ತ ತಿರುಗಿದರು.

“ಒಂದು ಕತ್ತಿ ಕೊಡ್ತೀವಿ. ಆಗಲ್ವಾ? ಬನ್ರೋ, ಮುಂದೆ ಬೇರೆ ಡ್ರ್ಯಾಗನ್ ಸಿಗುತ್ತೆ” ಎಂದವರೇ ಎಲ್ಲರನ್ನೂ ಎಬ್ಬಿಸಿಕೊಂಡು ಬಾಗಿಲವರೆಗೆ ನಡೆದೇಬಿಟ್ಟರು.

“ಆಂಟಿ, ಬನ್ನಿ ಬನ್ನಿ, ಒಂದೇ ಕೊಡಿ!” ಎಂದು ಡ್ರ್ಯಾಗನ್ ಕೂಗಿಕೊಂಡಿತು.

ಆಮೇಲೆ ಬೇರೆಯವರು ಕಟ್ಟಿದ ಎಷ್ಟೋ ಲೋಕಗಳಲ್ಲಿ ಆಡಿದ್ದೇನೆ. ಅಚ್ಚುಮೆಚ್ಚಿನದು ಮಾತ್ರ ಇಂದಿಗೂ ನಾನು ಕಟ್ಟಿದ ಲೋಕವೇ. ಅಲ್ಲಿ ಆ ಡ್ರ್ಯಾಗನ್ ಈಗಲೂ ಸೇತುವೆ ಕಾಯುತ್ತದೆ. ಚೀಲ ಹಿಡಿದ ಹೆಂಗಸರು ಬಂದರೆ ಸುಮ್ಮನೆ ದಾರಿ ಬಿಡುತ್ತದೆ.