ಯಲ್ಲಾಪುರದ ತಪಾಸಣೆಯಲ್ಲಿ ಅಸ್ಥಿಗಂಟು

ಮಸ್ಕತ್ತಿನಲ್ಲಿ ಕೊರೊನಾದಿಂದ ತೀರಿಕೊಂಡ ಗಂಡನ ಅಸ್ಥಿಯ ಗಂಟನ್ನು ಮಡಿಲಲ್ಲಿಟ್ಟುಕೊಂಡು, ವಿಮಾನಗಳು ಮತ್ತೆ ಶುರುವಾದ ಮೇಲೆ ಊರಿಗೆ ಹೊರಟಿದ್ದೆ. ಇಸಳೂರಿನ ನಮ್ಮ ಮನೆಗೆ ಇನ್ನೊಂದು ತಾಸಿನ ದಾರಿ ಇರುವಾಗ ಯಲ್ಲಾಪುರದ ಹೊರಗೆ ಕಾರನ್ನು ತಡೆದರು.

“ಹೊರದೇಶದಿಂದ ಬಂದೋರು ಸಾಮಾನೆಲ್ಲಾ ಕೆಳಗ ಇಡ್ರಿ, ಔಷಧಿ ಹೊಡೀಬೇಕು,” ಎಂದ ಪೊಲೀಸಿನವ.

“ಇದು ನಮ್ಮನೆಯೋರ ಅಸ್ಥಿ. ನೀರಿಗೆ ಬಿಡೂ ತನಕ ನೆಲಕ್ಕೆ ಇಡೂಕಾಗೂದಿಲ್ಲ.”

ಅವನು ಹಿಂದೆ ಸರಿದ. ಆಮೇಲೆ ಲಾಠಿಯಿಂದ ರಸ್ತೆ ಬದಿಯ ಮತ್ತಿಮರದ ಕೊಂಬೆಯೊಂದನ್ನು ತೋರಿಸಿದ. “ಅಲ್ಲಿ ಕಟ್ರಿ ಅಕ್ಕಾರ. ನಮ್ಮ ಕಡೆನೂ ಮರಕ್ಕ ಕಟ್ತಾರ.”

ಅವನಿಂದ ಆ ಮಾತನ್ನು ನಾನು ನಿರೀಕ್ಷಿಸಿರಲಿಲ್ಲ. ಗಂಟನ್ನು ಕೊಂಬೆಗೆ ಕಟ್ಟಿದೆ.

ಅಷ್ಟರಲ್ಲಿ ತಪಾಸಣೆಗೆ ನಿಂತಿದ್ದ ನರ್ಸ್ ನನ್ನ ಹಣೆಗೆ ಹಿಡಿದ ಯಂತ್ರ ಕೂಗಿತು. ಜ್ವರವಿತ್ತು. ಶಿರಸಿಯ ಆಸ್ಪತ್ರೆಗೆ ಒಯ್ಯಲು ಆಂಬುಲೆನ್ಸ್ ಕರೆಸಿದರು.

“ಗಂಟು?” ಎಂದೆ.

“ಅದನ್ನ ಗಾಡಿಯೊಳಗ ಬಿಡೂದಿಲ್ರಿ. ಇಲ್ಲೇ ಇರ್ಲಿ. ಯಾರ್ ಮುಟ್ತಾರ ಅದನ್ನ?” ಎಂದ ಪೊಲೀಸಿನವ.

ಹೋಗಿ ಕೊಂಬೆಯ ಕೆಳಗೆ ನಿಂತೆ. ಅಲ್ಲಿಂದ ನನ್ನನ್ನು ಕದಲಿಸಬೇಕಾದರೆ ಯಾರಾದರೂ ನನ್ನನ್ನು ಮುಟ್ಟಬೇಕಿತ್ತು. ಆಂಬುಲೆನ್ಸ್ ಬಂದು ಬಾಗಿಲು ತೆರೆಯಿತು. ಯಾರೂ ಮುಂದೆ ಬರಲಿಲ್ಲ.